ಒಣಹುಲ್ಲಿನ ಬಣ್ಣ

12 ಆಗಸ್ಟ್ 2024, ಸೋಮವಾರ

ಸೊರಬದಿಂದ ಸೊಸೆ ಗಂಗಾಶ್ರೀಯ ಅಣ್ಣ ಪರಮಶಿವಪ್ಪ ಬಂದಿದ್ದರು. ಶ್ರಾವಣ ಸೋಮವಾರ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಮಾತಿಗೆ ಕೂರಿಸಬಾರದೆಂದು ಪೂಜೆ ಮುಗಿಸಿ ಮೊದಲು ಎಲೆ ಹಾಕಿಸಿದೆ. ಊಟವಾದ ಮೇಲೆ ಅವರು ವಿಷಯಕ್ಕೆ ಬಂದರು.

"ಅಮ್ಮಾ, ಗಂಗಾಗೆ ಇನ್ನೂ ಮೂವತ್ತೊಂದು. ಮಕ್ಕಳೂ ಇಲ್ಲ. ಇಲ್ಲಿ ನೀವಿಬ್ಬರು ಎದುರುಬದುರು ಕೂತ್ಕೊಂಡು ಏನ್ ಮಾಡ್ತೀರಿ? ನಮ್ಮನೇಲಿ ಇರ್ಲಿ. ನಮ್ಮ ಮಕ್ಕಳನ್ನ ನೋಡ್ಕೊಂಡು ಅವಳಿಗೂ ಹೊತ್ತು ಹೋಗ್ತದೆ."

ನ್ಯಾಯದ ಮಾತು. ನನ್ನ ಮಗ ಗುರುಪ್ರಕಾಶ ಹೋಗಿ ಏಳು ತಿಂಗಳಾಗುತ್ತ ಬಂತು. ಮಗನಿಲ್ಲದ ಮನೆಯಲ್ಲಿ ಸೊಸೆಯನ್ನು ಚಾಕರಿಗೆ ಹಿಡಿದಿಟ್ಟುಕೊಂಡಳು ಎಂಬ ಮಾತು ಈ ರಾಜೇಶ್ವರಮ್ಮನ ಮೇಲೆ ಬರಬಾರದು.

"ಜನವರಿಯಾಗೆ ವರ್ಷದ ಕಾರ್ಯ ಮುಗೀಲಿ. ನಾನೇ ಕಳಿಸ್ಕೊಡ್ತೀನಿ. ಇದು ನನ್ನ ಮಾತು" ಎಂದೆ.

ಗಂಗಾಶ್ರೀ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು.

ಹಿತ್ತಲ ಶೆಡ್ಡಿನಲ್ಲಿರುವ ಮರ ಕಡೆಯುವ ಲೇತನ್ನೂ ಅಷ್ಟರೊಳಗೆ ಮಾರಿಬಿಡುವುದು. ಮಾವನವರ ಕಾಲದಿಂದ ಮಂಚದ ಕಾಲು, ತೊಟ್ಟಿಲ ಕಂಬ, ಕಡಗೋಲು ಯಾವುದನ್ನು ಕಡೆಸುವುದಿದ್ದರೂ ಶಿಕಾರಿಪುರದವರು ನಮ್ಮ ಬಾಗಿಲಿಗೇ ಬರುತ್ತಿದ್ದರು. ಅದು ಗುರುವಿಗೆ ಮುಗಿಯಿತು. ಅವನ ಉಳಿಗಳನ್ನು, ಅವನು ಹೋದ ಮೇಲೆ ಮಾಡಿದ ಗಣಾರಾಧನೆಯ ದಿನವೇ, ತೊಗರ್ಸಿಯ ಬಡಗಿ ಮಾಸ್ತಪ್ಪನಿಗೆ ದಾನ ಕೊಟ್ಟಿದ್ದೇನೆ. ಕಡೆಯುವವನ ಉಳಿಗಳು ಅವನ ಜೊತೆಗೇ ಮನೆಯಿಂದ ಹೊರಡಬೇಕು, ಮುಂದಿನವನು ತನ್ನದನ್ನು ತಾನೇ ಮಾಡಿಕೊಳ್ಳಬೇಕು. ಇದು ನಮ್ಮ ಮನೆಯ ಪದ್ಧತಿ. ಮಾವನವರು ಹೋದಾಗ ನಮ್ಮ ಯಜಮಾನರು ಮಾಡಿಕೊಂಡರು. ಅವರು ಹೋದಾಗ ಗುರು ಮಾಡಿಕೊಂಡ. ಅಂಗಡಿಯಲ್ಲಿ ಸಿಗುವ ಗಿಡ್ಡ ಉಳಿಗಳು ಬಡಗಿಯವು, ತಿರುಗುವ ಮರಕ್ಕೆ ಹಿಡಿಯಲು ಆಗುವಂಥವಲ್ಲ.

ಗುರುವಿನ ನಂತರ ಯಾರೂ ಇಲ್ಲ. ಉಳಿಯಿಲ್ಲದ ಲೇತು ಎಂದರೆ ಎತ್ತಿಲ್ಲದ ಗಾಣ.

20 ಆಗಸ್ಟ್

ಮಧ್ಯಾಹ್ನ ಶೆಡ್ಡಿನಲ್ಲಿ ಕಬ್ಬಿಣದ ಸದ್ದಾಯಿತು. ಹೋಗಿ ನೋಡಿದರೆ ಗಂಗಾಶ್ರೀ ನೆಲದ ಮೇಲೆ ಗೋಣಿಚೀಲ ಸುರಿದುಕೊಂಡು ಕುಳಿತಿದ್ದಳು.

"ಏನಿದು?"

"ಅರ, ಅತ್ತೆ. ಹಲ್ಲು ಸವೆದಿರೋವು. ಇದು ಲಾರಿ ಸ್ಪ್ರಿಂಗಿನ ಪಟ್ಟಿ. ಒಳ್ಳೆ ಉಕ್ಕು."

"ಉಕ್ಕು ಅಂತ ನನಗೂ ಕಾಣ್ತದೆ. ನಿನಗ್ಯಾಕೆ?"

"ಉಳಿ ಮಾಡ್ಕೊಳ್ಳಕ್ಕೆ."

"ಗುಜರಿ ಅಂಗಡಿಗೆ ನೀನೇ ಹೋಗಿದ್ದೇನು?"

"ಹೌದು."

"ಯಾರಾದ್ರೂ ನೋಡಿದ್ರಾ?"

"ಗುಜರಿಯವನು ನೋಡ್ದ."

ಇದು ತಮಾಷೆಯೋ ಉದ್ಧಟತನವೋ ತಿಳಿಯಲಿಲ್ಲ. ಮುಖವಂತೂ ಗಂಭೀರವಾಗಿಯೇ ಇತ್ತು. ಗುರು ಇದ್ದಾಗ ಅವನು ಕಡೆದ ಕಾಲುಗಳಿಗೆ ಉಪ್ಪುಕಾಗದ ತಿಕ್ಕುತ್ತ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವನು ಆಗಾಗ ಉಳಿಯನ್ನು ಅವಳ ಕೈಗೆ ಕೊಡುತ್ತಿದ್ದುದೂ ಉಂಟು. ನಾನು ನೋಡಿಯೂ ನೋಡದವಳಂತೆ ಇದ್ದೆ. ಮೂರು ತಲೆಮಾರಿನಲ್ಲಿ ಈ ಮನೆಯ ಯಾವ ಹೆಂಗಸೂ ಲೇತಿನ ಮುಂದೆ ನಿಂತವಳಲ್ಲ.

ಜನವರಿಯವರೆಗೆ ಏನಾದರೂ ಮಾಡಿಕೊಳ್ಳಲಿ. ಹೊಟ್ಟೆಯೊಳಗಿನ ಸಂಕಟ ಕಬ್ಬಿಣ ಬಡಿದಾದರೂ ಕಡಿಮೆಯಾಗಲಿ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಮಾಡು ಎಂದು ಹೇಳಿ ಬಂದೆ.

2 ಸೆಪ್ಟೆಂಬರ್

ಪಕ್ಕದ ಮನೆಯ ಲೋಕಮ್ಮ ಬಿಲ್ವಪತ್ರೆ ಕೇಳುವ ನೆಪದಲ್ಲಿ ಬಂದಳು. "ಏನ್ ರಾಜಕ್ಕ, ಹಿತ್ತಲಾಗೆ ಕುಲುಮೆ ಹೂಡೀರಂತೆ. ನಮ್ಮನೆ ಕುಡುಗೋಲೂ ತಟ್ಟಿ ಕೊಡ್ತೀರೇನು?"

"ತಗಂಬಾ. ಜತಿಗೆ ನಿನ್ನ ನಾಲಿಗೇನೂ ತಗಂಬಾ, ಸ್ವಲ್ಪ ಉದ್ದ ಆಗೇತಿ" ಎಂದೆ.

ಬಿಲ್ವಪತ್ರೆ ತೆಗೆದುಕೊಳ್ಳದೆಯೇ ಹೋದಳು.

10 ಸೆಪ್ಟೆಂಬರ್

ನಾಲ್ಕು ಇಟ್ಟಿಗೆ ಜೋಡಿಸಿ, ಗುರುವಿನ ಹಳೆಯ ಬ್ಲೋವರ್ ಕಟ್ಟಿ, ಇದ್ದಿಲ ಕುಲುಮೆ ಮಾಡಿಕೊಂಡಿದ್ದಾಳೆ. ಸವೆದ ಅರವನ್ನು ಸಾಣೆ ಮೆಷಿನ್ನಿಗೆ ಹಿಡಿದು ಹಲ್ಲು ತೆಗೆದು, ತುದಿಗೆ ಉಳಿಯ ಆಕಾರ ಕೊಡುತ್ತಾಳೆ. ಅಲ್ಲಿಯವರೆಗೆ ಕೆಲಸ ಅಚ್ಚುಕಟ್ಟು. ಆಮೇಲೆ ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಅದ್ದುತ್ತಾಳೆ, ಟಣ್ಣೆಂದು ಬಿರುಕು ಬಿಡುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಳಿತು ಬೆಳಗಿನಿಂದ ಆ ಸದ್ದನ್ನು ಕೇಳಿ ಕೇಳಿ ಸಾಕಾಯಿತು.

"ನೀರಿಗಲ್ಲ, ಎಣ್ಣೆಗೆ" ಎಂದೆ, ಬಾಗಿಲ ಹೊರಗಿನಿಂದಲೇ.

ಯಜಮಾನರು ನಾನು ಕರಿದು ಮಿಕ್ಕ ಎಣ್ಣೆಯನ್ನು ಇದಕ್ಕೆಂದೇ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಗಣಪತಿ ಹಬ್ಬದ ಕಡುಬು ಕರಿದ ಎಣ್ಣೆ ಇತ್ತು, ತಂದುಕೊಟ್ಟೆ. ಕೊಟ್ಟ ಮೇಲೆ ನಿಂತು ನೋಡದೆ ಬರುವುದು ಸರಿ ಕಾಣಲಿಲ್ಲ. ಕೆಂಡದ ಕೆಂಪು ದಾಟಿ ಕಿತ್ತಳೆಗೆ ತಿರುಗುವಾಗ "ಈಗ" ಎಂದೆ. ಅವಳು ಅದ್ದಿದಳು. ಹೊಗೆ ಎದ್ದಿತು, ಬಿರುಕಿನ ಸದ್ದು ಬರಲಿಲ್ಲ. ಆರಿದ ಮೇಲೆ ಇನ್ನೊಂದು ಅರದಿಂದ ಉಜ್ಜಿ ನೋಡಿದಳು. ಗಾಜಿನ ಮೇಲೆ ಎಳೆದಂತೆ ಅರ ಜಾರಿತು.

"ಫೋನಿನ ವಿಡಿಯೋದಲ್ಲಿ ಇದನ್ನ ಇನ್ನೊಂದ್ಸಲ ಸಣ್ಣ ಉರೀಲಿ ಕಾಯಿಸ್ಬೇಕು ಅಂತಾರೆ, ಅತ್ತೆ. ಇಲ್ದಿದ್ರೆ ಒಡೀತದಂತೆ."

"ಗಟ್ಟಿ ಆಗಿದ್ದನ್ನ ಮತ್ತೆ ಮೆತ್ತಗೆ ಮಾಡೋದು ಯಾವ ಬುದ್ಧಿ? ನಾನು ನಲವತ್ತು ವರ್ಷ ನೋಡೀನಿ. ನಿನ್ನ ಫೋನು ಹುಟ್ಟಿದ್ದು ನಿನ್ನೆ."

ಫೋನು ಬದಿಗಿಟ್ಟಳು. ಹಿಡಿ ಹಾಕಲು ಕುಳಿತಳು. ಹಿರಿಯರ ಮಾತು ಕೇಳುವ ಗುಣ ಅವಳಲ್ಲಿದೆ, ಇಲ್ಲವೆನ್ನಲಾರೆ.

16 ಸೆಪ್ಟೆಂಬರ್

ಉಳಿ ಮುರಿಯಿತು. ಚೂರು ಗಂಗಾಳ ಹುಬ್ಬಿಗೆ ಹೊಕ್ಕಿತು. ಕಣ್ಣಿಗೆ ಏನೂ ಆಗಿಲ್ಲ. ಹೊಲಿಗೆ ಹಾಕಿದ್ದಾರೆ.

18 ಸೆಪ್ಟೆಂಬರ್

ಅವಸರ ಮಾಡಿದ್ದಕ್ಕೆ ಹೀಗಾಯಿತು. ಮರದ ಗಂಟು ಬಂದಾಗ ಉಳಿಯನ್ನು ಸಡಿಲ ಹಿಡಿಯಬೇಕು, ಇವಳು ಒತ್ತಿರಬೇಕು. ಹೆಂಗಸರಿಗೆ ಈ ಕೆಲಸ ಬೇಡವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪರಮಶಿವಪ್ಪ ಫೋನ್ ಮಾಡಿದ್ದರು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದಳು. ಆಸ್ಪತ್ರೆಯಲ್ಲಿಯೂ, ನೋಡಲು ಬಂದ ಲೋಕಮ್ಮನ ಹತ್ತಿರವೂ ನನ್ನ ಹೆಸರು ಎತ್ತಲಿಲ್ಲ. ಎತ್ತಲು ಏನಿದೆ.

ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಸಕ್ಕರೆಯ ಹರಳಿನ ಹಾಗಿದೆ. ಯಜಮಾನರ ಉಳಿ ಒಂದಾದರೂ ಹೀಗೆ ಮುರಿದದ್ದು ನನಗೆ ನೆನಪಿಲ್ಲ. ಗುರುವಿನದೂ ಇಲ್ಲ.

26 ಸೆಪ್ಟೆಂಬರ್

ತೊಗರ್ಸಿಗೆ ಮಲ್ಲಿಕಾರ್ಜುನನ ದರ್ಶನಕ್ಕೆ ಹೋಗಿದ್ದೆ. ಹೋಗದೆ ಬಹಳ ದಿನವಾಗಿತ್ತು. ಬರುವಾಗ ಮಾಸ್ತಪ್ಪನ ಮನೆ ದಾರಿಯಲ್ಲೇ ಸಿಕ್ಕಿತು. ದಾರಿಯಲ್ಲೇ ಎಂದರೆ, ಎರಡು ಓಣಿ ಒಳಗೆ.

ನನ್ನನ್ನು ಕಂಡು ಅವನು ಗಾಬರಿಯಾಗಿ ಎದ್ದ. ಕುರ್ಚಿಯ ಹೊಟ್ಟು ಒರೆಸಿದ. "ಉಳಿ ವಾಪಸ್ ಬೇಕೇನ್ರವ್ವಾ? ತಗಂಡ್ ಹೋಗ್ರಿ, ನಂದೇನಿಲ್ಲ."

"ದಾನ ಕೊಟ್ಟಿದ್ದನ್ನ ಕೇಳೋ ಮನೆತನ ಅಂತ ತಿಳಿದ್ಯಾ?"

"ಮತ್ತೆ?"

"ಇತ್ತ ಬಂದಿದ್ದೆ. ಹೆಂಗೆ ಇಟ್ಕಂಡೀಯೋ ನೋಡಿ ಹೋಗೋಣಂತ."

ಒಳಗಿನಿಂದ ತಂದ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಗುರುವಿನ ಹೆಬ್ಬೆರಳು ಕೂರುತ್ತಿದ್ದ ಕಡೆ ಹಿಡಿ ನುಣ್ಣಗೆ ಸವೆದಿದೆ. ಚಹಾ ಬಂತು. ದಿನಪತ್ರಿಕೆ ಕೇಳಿ, ಅದರ ಮೇಲೆ ಒಂದೊಂದು ಉಳಿಯನ್ನೂ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದೆ. ಮಾಸ್ತಪ್ಪ ಏನೂ ಕೇಳದೆ ಹಾಳೆಯ ತುದಿ ಹಿಡಿದುಕೊಂಡ.

ಇನ್ನೊಂದು ಮಾತು ಕೇಳಲು ಎರಡನೇ ಲೋಟ ಚಹಾ ಕುಡಿಯಬೇಕಾಯಿತು.

"ಎಣ್ಣೆಗೆ ಅದ್ದಿದ ಮೇಲೆ ಮತ್ತೆ ಕಾಯಿಸೋದು ಉಂಟೇನು?"

"ನಿಮ್ಮ ಯಜಮಾನ್ರು ನೀವು ಅರಳು ಹುರಿಯೋ ಮರಳಿನ ಬಾಣಲೆ ಒಯ್ದು ಬೈಸ್ಕಂತಿದ್ರಲ್ರವ್ವ. ಅದ್ಯಾಕಂತ ತಿಳಿದಿದ್ರಿ?"

"ಎಣ್ಣೆ ಪಸೆ ಆರಿಸಾಕೆ ಅಂತ."

ಅವನು ಟವೆಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ. "ಅದೇ ಹದ ಕೊಡೋದು ರೀ. ಬಿಸಿ ಮರಳಾಗೆ ಇಟ್ಟು, ತುದಿ ಒಣಹುಲ್ಲಿನ ಬಣ್ಣಕ್ಕೆ ಬಂದ ಕೂಡ್ಲೆ ತೆಗೀಬೇಕು. ಅದನ್ನ ಬಿಟ್ರೆ ಗಾಜಿದ್ದಂಗೆ, ಒಡೀತದೆ. ಬಣ್ಣ ನೀಲಿಗೆ ಹೋತು ಅಂದ್ರೆ ಮರ ಕಚ್ಚಂಗಿಲ್ಲ."

ನಾನು ನಲವತ್ತು ವರ್ಷ ನೋಡಿದ್ದೆ. ನೋಡಿದ್ದೇನೂ ಸುಳ್ಳಲ್ಲ.

ಮನೆಗೆ ಬಂದು ಗಂಗಾಳಿಗೆ ಪ್ರಸಾದ ಕೊಟ್ಟೆ, ಜೊತೆಗೆ ಮಡಿಸಿದ ಹಾಳೆಯನ್ನೂ.

"ಇದೇನು ಅತ್ತೆ?"

"ವಿಭೂತಿ ಕಟ್ಟಿಕೊಟ್ಟಿದ್ದ ಕಾಗದ. ಬಿಚ್ಚಿ ನೋಡು, ಏನಾದ್ರೂ ಇದ್ದರೆ ಇದ್ದೀತು."

4 ಅಕ್ಟೋಬರ್

ಬಾಣಲೆ ನನ್ನದು, ಮರಳು ನನ್ನದು. ಆದ್ದರಿಂದ ಒಲೆಯ ಮುಂದೆ ನಾನೇ ಕುಳಿತೆ. ಗಂಗಾ ಇಕ್ಕಳ ಹಿಡಿದು ಪಕ್ಕದಲ್ಲಿ ಕುಳಿತಳು. ಹುಬ್ಬಿನ ಹೊಲಿಗೆ ಬಿಚ್ಚಿದ್ದಾರೆ. ಗಾಯ ಎಳೆ ಹುಣಸೆಕಾಯಿಯ ಹಾಗೆ ಬಾಗಿದೆ.

ಅರಳು ಹುರಿಯುವಾಗ ಸದ್ದು ಕೇಳಿ ತಿಳಿಯಬಹುದು. ಇಲ್ಲಿ ಸದ್ದೂ ಇಲ್ಲ, ವಾಸನೆಯೂ ಇಲ್ಲ, ಕಣ್ಣೊಂದೇ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಮೊದಲು ಏನೂ ಕಾಣುವುದಿಲ್ಲ. ಕಾಯ್ದು ಕಾಯ್ದು ಬೇಸರವಾದ ಹೊತ್ತಿಗೆ, ತೆಳು ತುಪ್ಪ ಸವರಿದಂತೆ ಒಂದು ಹಳದಿ ಹಿಂದಿನಿಂದ ತುದಿಯ ಕಡೆಗೆ ಹರಿದು ಬರುತ್ತದೆ. ಅದು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ನಿಲ್ಲುವುದಿಲ್ಲ. ಕಂದು, ನೇರಳೆ, ನೀಲಿ ಎಂದು ಓಡುತ್ತದೆ.

ಮೊದಲನೆಯದು ನೀಲಿಗೆ ಹೋಯಿತು. ಯಾವ ಹುಲ್ಲು, ಬತ್ತದ್ದೋ ರಾಗಿಯದೋ ಎಂದು ನಾವಿಬ್ಬರೂ ವಾದ ಮಾಡುತ್ತಿದ್ದೆವು. ಎರಡನೆಯದಕ್ಕೆ ಮಾತಾಡಲಿಲ್ಲ. "ತೆಗಿ" ಎಂದೆ, ತೆಗೆದಳು. ಬತ್ತದ ಹುಲ್ಲು, ಹೊಸದಲ್ಲ, ಒಂದು ಬೇಸಿಗೆ ಕಳೆದ ಬಣವೆಯದು.

"ಆವತ್ತಿನ ಅವಸರ ನಿಂದಲ್ಲ" ಎಂಬ ಮಾತು ಬಾಯಿಂದ ಬಂತು. ಕೇಳಿಸಿಕೊಂಡಳೋ ಇಲ್ಲವೋ. ಇಕ್ಕಳ ಒರೆಸುತ್ತಿದ್ದಳು.

11 ಅಕ್ಟೋಬರ್, ಆಯುಧಪೂಜೆ

ಮಣೆಯ ಮೇಲೆ ಐದು ಉಳಿ. ಕಡೆಯುವವನು ತನ್ನ ಉಳಿಗಳನ್ನು ತಾನೇ ಇಟ್ಟು ವಿಭೂತಿ ಹಚ್ಚಬೇಕು. ಪೂಜೆಗೆ ಬಂದ ಅಯ್ನೋರು ಶೆಡ್ಡಿನ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಕುಂಕುಮವಿಲ್ಲದ ಹಣೆಗಳನ್ನು ನೋಡಿದರು. "ಯಾರ ಕೈಲಿ ಇಡಿಸ್ತೀರಿ ಅಮ್ಮಾ? ಮೈದುನರ ಮಕ್ಕಳು ಯಾರಾದ್ರೂ…"

"ಮಾಡಿದವಳ ಕೈಲಿ" ಎಂದೆ.

ಅವರಿಗೆ ಇಷ್ಟವಾಗಲಿಲ್ಲ. ಮಂತ್ರವನ್ನು ಬೇಗ ಬೇಗ ಮುಗಿಸಿದರು.

24 ನವೆಂಬರ್

ಬಹಳ ದಿನದಿಂದ ಬರೆದಿಲ್ಲ. ಹೊತ್ತು ಸಿಗುವುದಿಲ್ಲ. ಕಡಗೋಲು, ಲಟ್ಟಣಿಗೆ ಆಗಿ ಈಗ ಕಂಬ ಕಡೆಯುತ್ತಿದ್ದಾಳೆ. ಸೊರಬದಲ್ಲಿ ದೇವರ ಮಂಟಪ ಕೆತ್ತುವವರೊಬ್ಬರು ಸಣ್ಣ ಕಂಬಗಳನ್ನು ಇವಳಿಂದಲೇ ಕಡೆಸುತ್ತಾರೆ. ಒಯ್ದು ಕೊಟ್ಟು ಬರಲು ಬಸ್ಸಿಗೆ ಹೋಗುತ್ತಾಳೆ. ಅವಳು ಹೋದ ದಿನ ಮನೆಯಲ್ಲಿ ಕೆಲಸವಿಲ್ಲದೆ ಸ್ಪ್ರಿಂಗ್ ಪಟ್ಟಿಯದೊಂದು ತುಂಡು ತೆಗೆದು ನಾನೇ ಕಾಯಿಸಿ, ಅದ್ದಿ, ಹದ ಕೊಟ್ಟೆ. ಸುಮ್ಮನೆ ಕೂರುವುದಕ್ಕಿಂತ ಮೇಲು. ಬಂದು ನೋಡಿ, ಅಂಗೈ ಮೇಲೆ ತೂಗಿ, "ತಲೆ ಸ್ವಲ್ಪ ಭಾರ ಆಯ್ತು ಅತ್ತೆ" ಎಂದಳು. ನಾಳೆ ತೆಳುವು ಮಾಡಬೇಕು.

ಹಾನಗಲ್ಲಿನವರು ಯಾರೋ ಲೇತು ನೋಡಲು ಬಂದಿದ್ದರು. ಇದು ಮಾರಾಟಕ್ಕಿದೆ ಎಂದು ಇವರಿಗೆ ಯಾರು ಹೇಳಿದರೋ. ನೀರು ಕೊಟ್ಟು ಕಳಿಸಿದೆ.

20 ಡಿಸೆಂಬರ್

ಪರಮಶಿವಪ್ಪ ಫೋನ್ ಮಾಡಿ, ಕಾರ್ಯದ ಮರುದಿನ ಕಾರು ತರುತ್ತೇನೆ ಎಂದರು. ಆಗಲಿ ಎಂದೆ.

ಆಗ ಇದ್ದ ಪರಿಸ್ಥಿತಿ ಬೇರೆ ಎಂದು ಹೇಳಬಹುದು. ಹಾಗೆ ಹೇಳಿ ಮಾತು ತಪ್ಪಿದವರನ್ನು ನಾನು ಇಷ್ಟು ವರ್ಷ ಏನೆಂದು ಕರೆದಿದ್ದೇನೆ ಎಂಬುದು ಊರಿಗೆಲ್ಲ ಗೊತ್ತು. ಅದೇ ಹೆಸರಿನಿಂದ ನನ್ನನ್ನೂ ಕರೆಯುತ್ತಾರೆ.

ಕರೆಯಲಿ. ಮಾತು ತಪ್ಪುತ್ತೇನೆ. ಅವಳನ್ನು ಕಳಿಸುವುದಿಲ್ಲ.

9 ಜನವರಿ 2025

ನಿನ್ನೆ ಗುರುವಿನ ವರ್ಷದ ಕಾರ್ಯ ಮುಗಿಯಿತು. ಇವತ್ತು ಬೆಳಿಗ್ಗೆ ತಿಂಡಿಯಾದ ಮೇಲೆ ಪರಮಶಿವಪ್ಪನ ಎದುರು ಕುಳಿತು, ರಾತ್ರಿಯೆಲ್ಲ ಜೋಡಿಸಿಕೊಂಡಿದ್ದನ್ನು ಹೇಳಿದೆ.

"ನಾನು ನಿಮಗೆ ಮಾತು ಕೊಟ್ಟಿದ್ದೆ. ಅದನ್ನ ವಾಪಸ್ ತಗಂತೀನಿ. ಗಂಗಾ ಇಲ್ಲೇ ಇರ್ತಾಳೆ."

ಅವರು ಲೋಟವನ್ನು ನೆಲಕ್ಕಿಟ್ಟರು. "ಅಮ್ಮಾ, ನೀವು ಈ ಮಾತು ಆಡ್ತೀರಿ ಅಂದ್ಕೊಂಡಿರ್ಲಿಲ್ಲ."

"ನಾನೂ ಅಂದ್ಕೊಂಡಿರಲಿಲ್ಲ."

ಗಂಗಾ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ನಾನು ಹೋಗ್ತೀನಿ" ಎಂದಳು.

ಪರಮಶಿವಪ್ಪನ ಮುಖ ಅರಳಿತು. ಅವಳು ಅವರ ಕಡೆ ತಿರುಗಿದಳು. "ನಿಮ್ಮನೆಗಲ್ಲ ಅಣ್ಣ. ಸೊರಬದಲ್ಲೇ, ಮಂಟಪದವರ ಓಣೀಲಿ ಒಂದು ಶೆಡ್ಡು ನೋಡೀನಿ. ಹಿಂದೆ ಒಂದು ಕೋಣೆ ಇದೆ. ಅಲ್ಲಿರ್ತೀನಿ."

"ಒಬ್ಬಳೇನಾ? ಇದನ್ನೆಲ್ಲ ಯಾವಾಗ ತೀರ್ಮಾನ ಮಾಡ್ದೆ?"

"ನೀವಿಬ್ಬರೂ ಸೇರಿ ಎರಡು ಸಲ ನನ್ನ ತೀರ್ಮಾನ ಮಾಡಿದ್ರಿ. ಒಂದ್ಸಲ ಕಳಿಸೋದು, ಒಂದ್ಸಲ ಇಟ್ಕೊಳ್ಳೋದು. ನನ್ನ ಯಾರಾದ್ರೂ ಕೇಳಿದ್ರೆ ಆಗಲೇ ಹೇಳ್ತಿದ್ದೆ."

ದನಿ ಎತ್ತಿ ಆಡಿದ ಮಾತಲ್ಲ. ಉಪ್ಪು ಬೇಕೇ ಎಂದು ಕೇಳುವ ಹಾಗೆ ಹೇಳಿದಳು.

"ಜನ ಏನಂತಾರೆ ಅಮ್ಮಾ, ನೀವಾದ್ರೂ ಹೇಳ್ರಿ" ಎಂದು ಪರಮಶಿವಪ್ಪ ನನ್ನ ಕಡೆ ನೋಡಿದರು. ಒಂದು ಗಳಿಗೆ ಮೊದಲು ಅವರು ನನ್ನ ವಿರೋಧಿ. ಈಗ ನಾವಿಬ್ಬರೂ ಒಂದೇ ಪಕ್ಷ. ನಾನು ಒಂದು ಮಾತು ಹೇಳಿದ್ದರೆ ಅವಳು ನಿಲ್ಲುತ್ತಿದ್ದಳು. ನನ್ನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ಹುಬ್ಬಿನ ಮೇಲಿನ ಗೆರೆ ಬಾಗಿಲ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಜನವರಿಯಾಗೆ ಕಳಿಸ್ತೀನಿ ಅಂದಿದ್ದೆ, ಕಳಿಸ್ತೀನಿ. ಯಾರ ಮನೆಗೆ ಅಂತ ಅವಳು ಹೇಳ್ತಾಳೆ" ಎಂದೆ.

ಆಮೇಲೆ ಅಡಿಗೆಮನೆಯಲ್ಲಿ ಅವಳೇ ಹತ್ತಿರ ಬಂದಳು. "ನಿಮ್ಮ ಮೇಲೆ ಬೇಜಾರಿಲ್ಲ ಅತ್ತೆ. ಇಲ್ಲಿ ಆ ಶೆಡ್ಡಿಗೆ ಹೋದ್ರೆ ಅವರು ಈಗ ಬರ್ತಾರೆ, ಈಗ ಬರ್ತಾರೆ ಅಂತ ಕಾಯ್ತೀನಿ. ಕೈ ಕೆಲಸ ಮಾಡ್ತಾನೇ ಇರ್ತದೆ, ನಾನು ಕಾಯ್ತಾನೇ ಇರ್ತೀನಿ. ಅಲ್ಲಾದ್ರೆ ಬರೀ ಕೆಲಸ ಮಾಡಬಹುದು."

ನಾನೂ ಒಲೆಯ ಮುಂದೆ ಕುಳಿತು ಶೆಡ್ಡಿನ ಸದ್ದು ಕೇಳುವಾಗ ಅದನ್ನೇ ಮಾಡುತ್ತಿದ್ದೆ. ಅವಳಿಗೆ ಹೇಳಲಿಲ್ಲ.

17 ಜನವರಿ

ಲೇತು ಬೇಡ, ಅಲ್ಲೇ ಒಂದು ನೋಡಿಕೊಳ್ಳುತ್ತೇನೆ ಎಂದು ಗಂಗಾ ಹಟ ಮಾಡಿದಳು. "ಈ ಮನೆಯಾಗೆ ಉಳಿ ಮಾಡ್ಕೊಳ್ಳೋ ಪದ್ಧತಿ ಇದೆ, ಲೇತು ಮಾಡ್ಕೊಳ್ಳೋ ಪದ್ಧತಿ ಇಲ್ಲ" ಎಂದು ಬಾಯಿ ಮುಚ್ಚಿಸಿದೆ. ಬೋಲ್ಟು ಬಿಚ್ಚಲು ಬೆಳಗಿನಿಂದ ಮಧ್ಯಾಹ್ನವಾಯಿತು. ಮಾವನವರು ಹಾಕಿಸಿದ ಬೋಲ್ಟುಗಳು. ಟೆಂಪೋಕ್ಕೆ ಏರಿಸುವಾಗ ಹುಡುಗರು ಒಂದು ಕಡೆ ವಾಲಿಸಿದರು, ಚೆನ್ನಾಗಿ ಬೈದೆ. ಬೈಯಲು ಏನಾದರೂ ಇದ್ದದ್ದು ಒಳ್ಳೆಯದಾಯಿತು.

ಗಂಗಾ ಉಳಿಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತಳು. ಹತ್ತುವ ಮೊದಲು ಕಾಲಿಗೆ ಬಿದ್ದಾಗ ಏನು ಆಶೀರ್ವಾದ ಮಾಡುವುದೆಂದು ತಿಳಿಯಲಿಲ್ಲ. ಮುತ್ತೈದೆಯರಿಗೆ ಹೇಳುವುದು ಗೊತ್ತು, ಮಕ್ಕಳಿಗೆ ಹೇಳುವುದು ಗೊತ್ತು. "ಕನ್ನಡಕ ಹಾಕ್ಕೊಂಡು ಕಡಿ" ಎಂದೆ.

ಶೆಡ್ಡು ತೊಳೆದೆ.

2 ಫೆಬ್ರವರಿ

ಎರಡು ರೊಟ್ಟಿ ಹೆಚ್ಚಾದವು. ಎಮ್ಮೆಗೆ ಹಾಕಿದೆ.

11 ಫೆಬ್ರವರಿ

ಸಂಜೆ ಗಂಗಾ ಫೋನಿನಲ್ಲಿ ಮುಖ ಕಾಣುವ ಹಾಗೆ ಕರೆ ಮಾಡಿದಳು. ಆಮೇಲೆ ಫೋನನ್ನು ಒಲೆಯ ಕಡೆ ತಿರುಗಿಸಿದಳು. ಬಾಣಲೆ, ಮರಳು, ಅದರಲ್ಲೊಂದು ಅಗಲ ಉಳಿ.

"ಬಣ್ಣ ಸರಿ ಬಂತಾ ನೋಡ್ರಿ ಅತ್ತೆ. ನಂಗ್ಯಾಕೋ ಗೊತ್ತಾಗ್ತಿಲ್ಲ."

ನೋಡಿದೆ. ಫೋನಿನಲ್ಲಿ ಒಣಹುಲ್ಲೂ ಒಂದೇ, ಅರಿಶಿನವೂ ಒಂದೇ. "ಇದ್ರಾಗೆ ಏನೂ ಕಾಣಲ್ಲ. ಒಲೆ ಆರಿಸು. ನಾನು ಬರೋತನಕ ಮುಟ್ಟಬೇಡ" ಎಂದೆ.

"ಯಾವಾಗ ಬರ್ತೀರಿ?"

"ನಾಳೆ ಮೊದಲನೇ ಬಸ್ಸಿಗೆ."

ಎಮ್ಮೆಯನ್ನು ಲೋಕಮ್ಮನಿಗೆ ಒಪ್ಪಿಸಿ ಬಂದೆ. ಎಷ್ಟು ದಿನಕ್ಕೆ ಎಂದು ಕೇಳಿದಳು. ಉಕ್ಕಿನ ಕೆಲಸ, ಇಷ್ಟೇ ದಿನ ಎಂದು ಹೇಳಲು ಬರುವುದಿಲ್ಲ ಎಂದೆ. ಎರಡು ಸೀರೆ ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.

ಬಣ್ಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ನವೆಂಬರಿನಿಂದಲೂ ನಾನು "ತೆಗಿ" ಎನ್ನುವ ಮೊದಲೇ ಅವಳ ಇಕ್ಕಳ ಮರಳಿಗೆ ಇಳಿದಿರುತ್ತಿತ್ತು. ಆದರೂ ಕೇಳಿದಳು. ಕೇಳಿದ ಮೇಲೆ ಹೋಗದೆ ಇರಲು ಬರುವುದಿಲ್ಲ.